ಮೊಂಬಾಸಾದ ಗಂಟೆ, ವಿಮಾನದೊಳಗಿನ ದಿನ

ಮೊಂಬಾಸಾದಿಂದ ಡಕಾರ್‌ಗೆ ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಒಳಗೆ ಕೂತವರಿಗಾ, ಹೊರಗೆ ನಿಂತವರಿಗಾ?

ದೂರದಲ್ಲಿ ತಕರಾರಿಲ್ಲ. ಆರು ಸಾವಿರದ ಆರುನೂರು ಕಿಲೋಮೀಟರು, ಮೇಲೆ ಸ್ವಲ್ಪ. ಈ ಕಡಲಿನಿಂದ ಆ ಕಡಲಿಗೆ, ಆಫ್ರಿಕಾದ ಹೊಟ್ಟೆಗೆ ಅಡ್ಡ ದಾರ ಎಳೆದ ಹಾಗೆ. ಮೊಂಬಾಸಾದಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ, ಡಕಾರ್‌ನಲ್ಲಿ ನಮ್ಮೂರು ಗಂಗೊಳ್ಳಿಯ ಹಾಗೆ ನೀರಿಗೆ ಇಳಿಯುತ್ತಾನೆ. ಹಳೆಯ ವಿಮಾನಕ್ಕೆ ಎಂಟೂವರೆ ಗಂಟೆ ಬೇಕಿತ್ತು. ಚಿಪ್ಪಿನ ವಿಮಾನ ಬಂದ ಮೇಲೂ ಒಳಗಿದ್ದವರಿಗೆ ಅದೇ ಎಂಟೂವರೆ ಗಂಟೆ. ಹೊರಗಿನ ಗಡಿಯಾರದಲ್ಲಿ ಮಾತ್ರ ಇಪ್ಪತ್ತೈದು ನಿಮಿಷ.

ನಾನು ಓದಿದ್ದು ಎರಡನೇ ಕ್ಲಾಸು. ಇದೆಲ್ಲ ನನ್ನ ತಲೆಗೆ ಹೋದದ್ದು ಆ ಚಿಪ್ಪನ್ನು ಕಟ್ಟಿದ ಎಂಜಿನಿಯರು ಅಬ್ದು ಸಾರ್ ಅವರಿಂದ. ಡಕಾರ್‌ನವರು, ಅವರ ಮನೆತನದ ಹೆಸರೇ ಸಾರ್. ನನಗೆ ಅನುಕೂಲವೇ ಆಯಿತು, ಕರೆದರೆ ಹೆಸರೂ ಆಯಿತು, ಮರ್ಯಾದೆಯೂ ಆಯಿತು. ವಿಮಾನ ನಿಲ್ದಾಣದ ಅಡುಗೆಮನೆ ನನ್ನ ಕೈಯಲ್ಲಿತ್ತು. ಅವರು ಚಾ ಕುಡಿಯಲಿಕ್ಕೆ ಅಲ್ಲಿಗೇ ಬರುತ್ತಿದ್ದರು.

"ನಿಮ್ಮ ಊರಲ್ಲಿ ಬಾಳೆಗೊನೆ ಹೇಗೆ ಹಣ್ಣು ಮಾಡ್ತೀರಿ?" ಎಂದು ಒಂದು ದಿನ ಕೇಳಿದರು.

"ಗುಂಡಿ ತೋಡಿ, ಗೊನೆ ಇಟ್ಟು, ಹೊಗೆ ಹಾಕಿ ಮುಚ್ಚುದು."

"ಹೊರಗೆ ಇಟ್ಟ ಗೊನೆ?"

"ಅದು ಹಸಿರೇ ಇರ್ತದೆ."

"ಅಷ್ಟೇ ಜಲಜಮ್ಮ. ನಾನು ವಿಮಾನದ ಸುತ್ತ ಒಂದು ಗುಂಡಿ ಕಟ್ಟಿದ್ದೇನೆ. ಒಳಗೆ ಹೊತ್ತು ಬೇಗ ಹಣ್ಣಾಗ್ತದೆ."

ಅದು ಕಣ್ಣಿಗೆ ಕಾಣುವ ಚಿಪ್ಪಲ್ಲ. ವಿಮಾನದ ಮೈಮೇಲಿನ ತಂತಿಗಳು ಹುಟ್ಟಿಸುವ ಒಂದು ಗುಂಯ್‌ಗುಡುವಿಕೆ. ಸೈಕಲ್ಲಿನ ಹಾಗೆ, ಓಡುತ್ತಾ ಇದ್ದರೆ ನಿಲ್ಲುತ್ತದೆ, ನಿಂತರೆ ಬೀಳುತ್ತದೆ. ಆದ್ದರಿಂದ ದೊಡ್ಡ ದೂರ ಬೇಕು, ಅದನ್ನು ಎಬ್ಬಿಸಿ ಇಳಿಸಲಿಕ್ಕೆ ದೂರದ ಎರಡೂ ತುದಿಗೆ ಒಂದೊಂದು ಗೋಪುರ ಬೇಕು. ಆ ಗೋಪುರಗಳಿದ್ದದ್ದು ಮೊಂಬಾಸಾದಲ್ಲಿ ಒಂದು, ಡಕಾರ್‌ನಲ್ಲಿ ಒಂದು.

ಜನ ಇದಕ್ಕೂ ಒಗ್ಗಿಕೊಂಡರು. ಹತ್ತು ಗಂಟೆಗೆ ಮೊಂಬಾಸಾದಲ್ಲಿ ನುಣ್ಣಗೆ ಕ್ಷೌರ ಮಾಡಿಸಿ ಹತ್ತಿದವನು ಮೊಂಬಾಸಾ ಗಡಿಯಾರದ ಹತ್ತೂವರೆಗೆ ಡಕಾರ್‌ನಲ್ಲಿ ಕುರುಚಲು ಗಡ್ಡದಲ್ಲಿ ಇಳಿಯುತ್ತಿದ್ದ. ಪರೀಕ್ಷೆಯ ಮಕ್ಕಳು ಓದಲಿಕ್ಕೆಂದೇ ಟಿಕೆಟು ತೆಗೆಯುತ್ತಿದ್ದರು. ಜಗಳವಾಡುತ್ತಾ ಹತ್ತಿದ ಗಂಡ ಹೆಂಡತಿ ಇಳಿಯುವಾಗ ರಾಜಿಯಾಗಿರುತ್ತಿದ್ದರು, ಬೀಳ್ಕೊಟ್ಟ ಅತ್ತೆ ಇನ್ನೂ ಟ್ಯಾಕ್ಸಿಯಲ್ಲಿ ಸೊಸೆಯನ್ನು ಬೈಯುತ್ತಾ ಇರುತ್ತಿದ್ದಳು. ನಾನೂ ಕಡಿಮೆಯವಳಲ್ಲ. ಬೆಳಿಗ್ಗೆ ರುಬ್ಬಿದ ದೋಸೆ ಹಿಟ್ಟನ್ನು ವಿಮಾನದ ಮೂಲೆಯಲ್ಲಿಟ್ಟು ಕಳಿಸುತ್ತಿದ್ದೆ. ಒಂದು ಸುತ್ತು ಹೋಗಿ ಬರುವಾಗ ಉಬ್ಬಿ ಮುಚ್ಚಳ ತಳ್ಳಿಕೊಂಡಿರುತ್ತಿತ್ತು.

ಪ್ರಯಾಣಿಕರಿಗೆ ಇದರಿಂದ ನಷ್ಟವಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಹೋಗುವವರು. ಆದರೆ ಒಳಗೆ ಕೆಲಸ ಮಾಡುವವರ ಮೈಗೆ ಹೊತ್ತು ಹತ್ತುತ್ತದೆ. ಬೆಳಿಗ್ಗೆ ಮನೆಯಿಂದ ಹೋದವರು ಸಂಜೆಗೆ ಒಂದೂವರೆ ದಿನ ದುಡಿದು ಬರುತ್ತಿದ್ದರು. ಚಿಪ್ಪು ಕಾಯುವುದು ಅಂತ ಒಂದು ಕೆಲಸ. ಆ ಗುಂಯ್‌ಗುಡುವಿಕೆಯ ದನಿ ಸಣ್ಣಕೆ ಬದಲಾದರೂ ಕೇಳಿಸಿಕೊಂಡು, ತಿರುಪು ತಿರುಗಿಸಿ ಸರಿ ಮಾಡಬೇಕು. ನನ್ನ ತಂಗಿ ಪ್ರಫುಲ್ಲ ಆ ಕೆಲಸದಲ್ಲಿ ಹದಿನಾಲ್ಕು ವರ್ಷ ಇದ್ದಳು.

ಪ್ರಫುಲ್ಲ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ತೀರಿಕೊಂಡ ವರ್ಷವೇ ನನ್ನ ಮದುವೆ. ಗಂಡ ಶೀನ ಮೊಗವೀರರು ಹಡಗಿನ ಅಡುಗೆಯವರು, ಮೊಂಬಾಸಾ ಬಂದರಿನ ಹತ್ತಿರ ಮೀನೂಟದ ಹೋಟೆಲು ಹಾಕಿದ್ದರು. ನಾನು ಬರುವಾಗ ಮದುವೆಯ ಸೀರೆಯ ಸೆರಗಿಗೆ ತಂಗಿಯನ್ನು ಕಟ್ಟಿಕೊಂಡೇ ಬಂದೆ ಎನ್ನಬೇಕು. ಅವಳಿಗೆ ಜಡೆ ಹೆಣೆದದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದಾಗ ಎತ್ತಿಕೊಂಡದ್ದು ಎಲ್ಲ ನಾನೇ. ಅವಳು ಮದುವೆಯಾಗಲಿಲ್ಲ. ನನಗೆ ಮಕ್ಕಳಾಗಲಿಲ್ಲ. ಶೀನರು ತೀರಿಹೋದ ಮೇಲೆ ಹಳೆ ಪೇಟೆಯ ಮನೆಯಲ್ಲಿ ನಾವಿಬ್ಬರೇ.

ಮೊದಮೊದಲು ಅವಳ ತಲೆಯಲ್ಲಿ ಒಂದು ಬಿಳಿ ಕೂದಲು ಕಂಡರೆ ನಾನು ಕಿತ್ತು ತೆಗೆಯುತ್ತಿದ್ದೆ. ಆಮೇಲೆ ಇಬ್ಬರೂ ಒಂದೇ ಬಟ್ಟಲಲ್ಲಿ ಬಣ್ಣ ಕಲಸಿಕೊಂಡೆವು. ಆಮೇಲೆ ಒಂದು ದಿನ ಅವಳು, "ನನಗೆ ಸಾಕು ಅಕ್ಕ, ನೀನೇ ಹಚ್ಚಿಕೊ," ಎಂದಳು.

ಆ ವರ್ಷವೇ ಮರಗೆಣಸಿಗೆ ಕರಿಕೊಳೆ ಬಂತು.

ಮೇಲೆ ಗಿಡ ಹಸಿರು, ಎಲೆ ಚೆಂದ. ಅಗೆದರೆ ಕೆಳಗೆ ಗೆಡ್ಡೆ ಎಲ್ಲ ಕರಿ ಲೋಳೆ. ಕಾಂಗೋ ಕಡೆಯಿಂದ ಶುರುವಾಗಿ ಕಡಲ ತನಕ ಬಂತು. ಆ ಖಂಡದಲ್ಲಿ ಎಷ್ಟೋ ಮನೆಗಳಿಗೆ ಮರಗೆಣಸೇ ಅನ್ನ. ಮೊಂಬಾಸಾದ ಬೀದಿಯಲ್ಲಿ ಬೇಯಿಸಿದ ಗೆಣಸಿಗೆ ಮೆಣಸು ನಿಂಬೆ ಹಚ್ಚಿ ಮಾರುತ್ತಿದ್ದ ಹೆಂಗಸರೆಲ್ಲ ಬರಿಗೈಯಲ್ಲಿ ಕೂತರು. ಕೊಳೆ ಹತ್ತದ ತಳಿಯೊಂದನ್ನು ಮಾಡಬಹುದು, ಆದರೆ ಬೀಜದಿಂದ ಬೀಜಕ್ಕೆ ಐದು ತಲೆಮಾರು ಬೆಳೆಸಿ ಆರಿಸಬೇಕು, ಐದು ವರ್ಷ ಹಿಡಿಯುತ್ತದೆ ಎಂದು ತಿಳಿದವರು ಹೇಳಿದರು. ಮತ್ತೆ ನೆಡುವ ದೊಡ್ಡ ಮಳೆಗೆ ಇದ್ದದ್ದು ನಾಲ್ಕು ತಿಂಗಳು.

ಅಬ್ದು ಸಾರ್ ಹೇಳಿದರು, ನಾಲ್ಕು ತಿಂಗಳೇ ಐದು ವರ್ಷ ಆಗ್ತದೆ. ಒಂದು ಚಿಪ್ಪಿನ ವಿಮಾನದ ಸೀಟೆಲ್ಲ ಕಿತ್ತು, ಮಣ್ಣು ತುಂಬಿ, ದೀಪ ಹಾಕಿ, ಮೊಂಬಾಸಾದಿಂದ ಡಕಾರ್‌ಗೆ ಡಕಾರ್‌ನಿಂದ ಮೊಂಬಾಸಾಕ್ಕೆ ಬಿಡದೆ ಹಾರಿಸುವುದು. ವಿಮಾನ ತಾನಾಗಿಯೇ ಹಾರುತ್ತದೆ. ಗಿಡ ನೋಡಲಿಕ್ಕೆ ಕುಂಬಾ ಎಂಬ ಡಕಾರ್‌ನ ಹುಡುಗಿ ಸಿಕ್ಕಿದಳು. ಚಿಪ್ಪು ಕಾಯಲಿಕ್ಕೆ ಒಬ್ಬರು ಬೇಕಿತ್ತು. ಆ ದನಿ ಗೊತ್ತಿದ್ದವರೇ ಆರೋ ಏಳೋ ಮಂದಿ, ಉಳಿದವರಿಗೆಲ್ಲ ಮನೆಯಲ್ಲಿ ಚಿಕ್ಕ ಮಕ್ಕಳು. ನಾಲ್ಕು ತಿಂಗಳಿಗೆ ತಿರುಗಿ ಬಂದರೆ ಮಗು ಅಷ್ಟೇ ಇರುತ್ತದೆ ನಿಜ, ಆದರೆ ತಾಯಿ ಐದು ವರ್ಷ ಅದನ್ನು ಮುಟ್ಟದೆ ಇರಬೇಕಲ್ಲ.

ಪ್ರಫುಲ್ಲ ನನ್ನ ಹತ್ತಿರ ಬಂದು ಕೂತಳು. ನಾನು ಬಂಗುಡೆ ಶುಚಿ ಮಾಡುತ್ತಿದ್ದೆ.

"ಅಕ್ಕ, ನಾನು ಹೋಗ್ತೇನೆ ಅಂದಿದ್ದೇನೆ."

"ಯಾರನ್ನು ಕೇಳಿ ಅಂದದ್ದು?"

"ಈಗ ಕೇಳ್ತಾ ಇದ್ದೇನಲ್ದಾ."

ನಮ್ಮ ಮನೆಯಲ್ಲಿ ಒಂದು ಕ್ರಮ. ಹಿರಿಯರು ಹೂಂ ಅನ್ನದೆ ಕಿರಿಯರು ದೋಣಿ ಹತ್ತುವುದಿಲ್ಲ. ನಮ್ಮದು ಅಳಿಯಸಂತಾನ, ತಾಯಿಯ ಕಡೆಯಿಂದ ಮನೆತನ. ಅಮ್ಮ ಇಲ್ಲದ ಮೇಲೆ ಊರಲ್ಲಿ ಸೋದರಮಾವ ಬಚ್ಚ ಮಾವ, ಇಲ್ಲಿ ನಾನು. ಚಿಪ್ಪಿನ ಕೆಲಸಕ್ಕೆ ಸೇರುವಾಗಲೂ ಅವಳು ನನ್ನ ಹೂಂಗಾಗಿ ಒಂದು ವಾರ ಕಾದಿದ್ದಳು.

"ಆಗುದಿಲ್ಲ," ಎಂದೆ. "ಆ ಡಬ್ಬಿಯೊಳಗೆ ಐದು ವರ್ಷ ಕೂತು ಎಂತ ಆಗಿ ಬರ್ತಿ ನೀನು? ಹೃದಯ ನಿಂತರೆ ಯಾರು ನೋಡುದು?"

"ಕುಂಬಾ ಇದ್ದಾಳೆ."

"ಅವಳು ಗಿಡದ ಡಾಕ್ಟರು! ನಿನ್ನ ಎದೆಗೆ ಗೊಬ್ಬರ ಹಾಕ್ತಾಳಾ?"

ಪ್ರಫುಲ್ಲ ನಕ್ಕಳು. ನಕ್ಕು, ನನ್ನ ಕೈಯಿಂದ ಕತ್ತಿ ತೆಗೆದುಕೊಂಡು ತಾನೇ ಮೀನು ಕೊಯ್ಯುತ್ತಾ ಹೇಳಿದಳು, "ಅಕ್ಕ, ಸಿಟ್ಟು ಮಾಡಬೇಡ. ನಾನು ಎಷ್ಟು ಹಗಲು ಕಂಡಿದ್ದೇನೆ, ನೀನೆಷ್ಟು ಕಂಡಿದ್ದೀ? ಹೋದ ವರ್ಷವೇ ನಾನು ನಿನ್ನನ್ನು ದಾಟಿ ಆಯ್ತು. ಈಗ ಮನೆಗೆ ಹಿರಿಯಳು ನಾನು."

ನಾನು ಮೀನಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಹೂಂ ಅನ್ನಲಿಲ್ಲ. ಅವಳು ಹೋದಳು.

ವಿಮಾನ ಒಂದು ಗಂಟೆ ಹತ್ತು ನಿಮಿಷಕ್ಕೊಮ್ಮೆ ಮೊಂಬಾಸಾಕ್ಕೆ ಬರುತ್ತಿತ್ತು. ಇಂಧನ ತುಂಬಲಿಕ್ಕೆ ಹತ್ತು ನಿಮಿಷ ನಿಲ್ಲುತ್ತಿತ್ತು. ಆ ಹತ್ತು ನಿಮಿಷ ಚಿಪ್ಪು ಇಲ್ಲ, ಅವಳಿಗೂ ನನಗೂ ಒಂದೇ ಹೊತ್ತು. ಕೊಳೆಯ ಬೀಜ ಒಳಗೆ ಹೋಗಬಾರದೆಂದು ಬಾಗಿಲು ತೆರೆಯುತ್ತಿರಲಿಲ್ಲ. ದಪ್ಪ ಗಾಜಿನ ಕಿಟಕಿ, ಮಾತಾಡಲಿಕ್ಕೆ ಒಂದು ಮೈಕು, ಬಿಸಿ ಆವಿ ಹಾಯಿಸಿ ಬುತ್ತಿ ಒಳಗೆ ತಳ್ಳಲಿಕ್ಕೆ ಒಂದು ಸಣ್ಣ ಗೂಡು.

ಹೋಗಬೇಡ ಎಂದವಳು ನಾನೇ. ಮೊದಲ ದಿನ ಬುತ್ತಿ ಹಿಡಿದು ಕಿಟಕಿಯ ಕೆಳಗೆ ನಿಂತವಳೂ ನಾನೇ.

ಆ ಹೊತ್ತಿನ ಆಟ ಅಭ್ಯಾಸವಾಗಲಿಕ್ಕೆ ನನಗೆ ತುಂಬ ಸಮಯ ಹಿಡಿಯಿತು. ಬೆಳಿಗ್ಗೆ ಕೊಟ್ಟ ಬಾಟಲಿ ಉಪ್ಪಿನಕಾಯಿ ಮರುದಿನ ಮಧ್ಯಾಹ್ನಕ್ಕೆ ಮುಗಿದಿರುತ್ತಿತ್ತು. ನಾನು ಒಂದು ಸುತ್ತಿನಲ್ಲಿ ಕೇಳಿದ ಪ್ರಶ್ನೆಗೆ ಅವಳು ಮುಂದಿನ ಸುತ್ತಿನಲ್ಲಿ, ಹೆಚ್ಚುಕಡಿಮೆ ಒಂದು ದಿನ ಯೋಚಿಸಿ ಉತ್ತರ ತರುತ್ತಿದ್ದಳು. ಜಗಳವಾದರೆ ಬಹಳ ಕಷ್ಟ. ಒಮ್ಮೆ ಅವಳು ಬಿ.ಪಿ.ಯ ಮಾತ್ರೆ ನುಂಗುವುದಿಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಗಂಟೆ ಬಿಟ್ಟು ವಿಮಾನ ಬಂತು. ನನ್ನ ಸಿಟ್ಟು ಇನ್ನೂ ಒಲೆಯ ಮೇಲೇ ಇತ್ತು. ಅವಳು ಕಿಟಕಿಗೆ ಬಂದು ಹಲ್ಲು ಕಿರಿದು, "ಅಕ್ಕ, ಮೊದಲನೇ ಗಿಡ ಹೂ ಬಿಟ್ಟಿತು ಕಾಣ್!" ಎಂದಳು.

"ಮಾತ್ರೆ ಎಂತ ಆಯ್ತು?"

"ಯಾವ ಮಾತ್ರೆ? ಓ, ಅದಾ! ನಿನ್ನೆಯದ್ದಲ್ದಾ ಅದು. ಇನ್ನೂ ಹಿಡ್ಕೊಂಡು ಕೂತಿದ್ದೀಯ ಮಾರಾಯ್ತಿ?"

ಕಂಟ್ರೋಲ್ ರೂಮಿನಲ್ಲಿ ಮ್ವಾನೈಶಾ ಇದ್ದಳು. ಮೊಂಬಾಸಾದವಳೇ, ಇಡೀ ಹಾರಾಟ ನೋಡಿಕೊಳ್ಳುವ ಅಧಿಕಾರಿ. ಅವಳ ತಾಯಿ ಗೆಣಸು ಮಾರಿ ಅವಳನ್ನು ಓದಿಸಿದ್ದು. ನನ್ನನ್ನು ಮಾಮಾ ಎಂದು ಕರೆಯುತ್ತಿದ್ದಳು, ಸ್ವಾಹಿಲಿಯಲ್ಲಿ ಅಮ್ಮ ಎಂದು. ನಾನು ಚಾ, ಕರಿದ ಮಂದಾಜಿ ಬನ್ನು ತೆಗೆದುಕೊಂಡು ಹೋದರೆ ಕೂರಿಸಿಕೊಂಡು ತೋರಿಸುತ್ತಿದ್ದಳು. ಗೋಡೆಯಲ್ಲಿ ಎರಡು ಗಡಿಯಾರ. ಒಂದು ನಮ್ಮದು. ಇನ್ನೊಂದರ ಮುಳ್ಳು ಫ್ಯಾನಿನ ಹಾಗೆ ಸುತ್ತುತ್ತಿತ್ತು, ವಿಮಾನ ಇಳಿದಾಗ ಮಾತ್ರ ದಣಿದವರ ಹಾಗೆ ನಿಧಾನವಾಗುತ್ತಿತ್ತು.

"ಅದನ್ನು ನೋಡಬೇಡಿ ಮಾಮಾ, ತಲೆ ತಿರುಗ್ತದೆ," ಎನ್ನುತ್ತಿದ್ದಳು ಮ್ವಾನೈಶಾ. "ನಿಮ್ಮ ತಂಗಿ ಈಗಷ್ಟೇ ಮಲಗಿದಳು." ನಾನು ಚಾ ಆರಿಸಿ ಎರಡು ಗುಟುಕು ಕುಡಿಯುವಷ್ಟರಲ್ಲಿ, "ಎದ್ದಳು," ಎನ್ನುತ್ತಿದ್ದಳು.

ದಿನಕ್ಕೆ ಏಳೆಂಟು ಸುತ್ತಿಗೆ ನಾನು ಕಿಟಕಿಯ ಹತ್ತಿರ ಇರುತ್ತಿದ್ದೆ. ಉಳಿದ ಸುತ್ತಿನಲ್ಲಿ ಅಡುಗೆ, ನಿದ್ದೆ. ಒಂದು ತಿಂಗಳು ಕಳೆಯುವಾಗ ಅವಳಿಗೆ ಒಂದು ವರ್ಷ ದಾಟಿತ್ತು. ತೆಳ್ಳಗಾಗಿದ್ದಳು, ಆದರೆ ಗಟ್ಟಿಯಾಗಿದ್ದಳು. ಇದೂ ನಡೆದುಹೋಗುತ್ತದೆ ಎಂದು ನಾನು ಅಂದುಕೊಂಡೆ.

ಆಗ ಗಂಗೊಳ್ಳಿಯಿಂದ ಫೋನು ಬಂತು. ಬಚ್ಚ ಮಾವ ತೀರಿಕೊಂಡರು.

ಅಳಿಯಸಂತಾನದಲ್ಲಿ ಸೋದರಮಾವ ಎಂದರೆ ಮನೆಯ ಯಜಮಾನ. ನಮಗಿಬ್ಬರಿಗೂ ಪೂರ್ತಿ ಸೂತಕ, ನಮ್ಮಲ್ಲಿ ಹನ್ನೊಂದು ದಿನ. ಸೂತಕದವರು ಬೇರೆಯವರಿಗೆ ಅಡುಗೆ ಮಾಡಿ ಬಡಿಸುವ ಹಾಗಿಲ್ಲ, ಇನ್ನೊಬ್ಬರ ಬಾಗಿಲಿಗೆ ಹೋಗುವ ಹಾಗಿಲ್ಲ, ಕ್ಷೇಮವೇ ಎಂದು ಹೇಳಿ ಕಳಿಸುವ ಕ್ರಮವೂ ಇಲ್ಲ. ಊರು ಬಿಟ್ಟು ಎಷ್ಟು ವರ್ಷವಾಗಿದ್ದರೂ ಇದನ್ನು ನಾನು ಬಿಟ್ಟಿರಲಿಲ್ಲ. ಅಮ್ಮ ಸತ್ತಾಗ ನಮ್ಮಿಬ್ಬರಿಗೂ ಆಸರೆಯಾಗಿ ನಿಂತು ನನ್ನ ಮದುವೆ ಮಾಡಿಸಿದ ಮನುಷ್ಯ ಅವರು. ಬೇರೆ ಎಂತ ಮಾಡಲಿಕ್ಕೆ ಆಗುತ್ತಿತ್ತು ನನ್ನಿಂದ?

ಮ್ವಾನೈಶಾಳಿಗೆ ಫೋನು ಮಾಡಿ, "ಮಾವ ಹೋದರು ಅಂತ ಪ್ರಫುಲ್ಲನಿಗೆ ಹೇಳು. ಸೂತಕ, ಹನ್ನೊಂದು ದಿನ ನಾನು ಬರುದಿಲ್ಲ," ಎಂದೆ.

ಅವಳು ಕೇಳಿದಳು, "ಯಾರ ಹನ್ನೊಂದು ದಿನ ಮಾಮಾ?"

"ಸಾವಿಗೆ ಯಾರ ದಿನ ಅಂತ ಉಂಟಾ? ಸೂರ್ಯ ಒಬ್ಬನೇ ಅಲ್ವಾ?" ಎಂದು ಫೋನು ಇಟ್ಟೆ.

ಮನೆಯಲ್ಲಿ ಚಾಪೆ ಹಾಸಿ, ಒಪ್ಪೊತ್ತು ಉಂಡು, ಮಾವನ ನೆನಪಲ್ಲಿ ಕೂತೆ. ಪ್ರಫುಲ್ಲಳೂ ಅಲ್ಲಿ ಹೀಗೇ ಕೂತಿರಬಹುದು ಎಂದು ಸಮಾಧಾನ. ಇಬ್ಬರೂ ಒಟ್ಟಿಗೆ ದುಃಖ ಮಾಡುತ್ತಾ ಇದ್ದೇವೆ ಎಂದೇ ನನ್ನ ಮನಸ್ಸಿನಲ್ಲಿ. ಹನ್ನೊಂದನೇ ದಿನ ಮಿಂದು, ಮನೆ ತೊಳೆದು, ಮರುದಿನ ಬೆಳಿಗ್ಗೆ ಪಾಯಸ ಮಾಡಿ ತುಂಬಿಸಿಕೊಂಡು ಹೋದೆ.

ವಿಮಾನ ಇಳಿಯಿತು. ಕಿಟಕಿಗೆ ಪ್ರಫುಲ್ಲ ಬರಲಿಲ್ಲ. ಬಂದದ್ದು ಕುಂಬಾ. ಆ ಹುಡುಗಿ ಹತ್ತುವಾಗ ಅವಳ ಫ್ರೆಂಚು ನನಗೆ ತಿಳಿಯುತ್ತಿರಲಿಲ್ಲ, ನನ್ನ ಸ್ವಾಹಿಲಿ ಅವಳಿಗೆ ತಿಳಿಯುತ್ತಿರಲಿಲ್ಲ, ಕೈಸನ್ನೆಯಲ್ಲೇ ಮುಗಿಸುತ್ತಿದ್ದೆವು. ಈಗ ಮೈಕಿಗೆ ಬಾಯಿಟ್ಟು, ಶುದ್ಧ ಗಂಗೊಳ್ಳಿ ಮಾತಿನಲ್ಲಿ ಹೇಳಿದಳು:

"ಪ್ರಫುಲ್ಲಕ್ಕ ಬತ್ತಿಲ್ಲೆ. ಸಿಟ್ಟ್ ಬಂದಿತ್."

ನಾನು ಪಾಯಸದ ಪಾತ್ರೆ ಕೆಳಗಿಟ್ಟೆ.

"ನೀನು ಕನ್ನಡ ಯಾವಾಗ ಕಲಿತೆ ಹೆಣ್ಣೇ?"

"ಐದು ತಿಂಗಳಿಂದ ಅವಳಿಗೆ ಮಾತಾಡ್ಲಿಕ್ಕೆ ಬೇರೆ ಯಾರೂ ಇರಲಿಲ್ಲ. ಎಂತ ಮಾಡುದು, ಕಲಿತೆ."

ಐದು ತಿಂಗಳು. ನನ್ನ ಹನ್ನೊಂದು ದಿನ ಅಲ್ಲಿ ಐದು ತಿಂಗಳು ದಾಟಿತ್ತು.

ಕುಂಬಾ ಉಳಿದದ್ದನ್ನೂ ಹೇಳಿದಳು. ಪ್ರಫುಲ್ಲ ಒಳಗೆ ದೀಪ ಆರುವುದನ್ನು ರಾತ್ರಿ, ಹತ್ತುವುದನ್ನು ಹಗಲು ಎಂದು ಇಟ್ಟುಕೊಂಡು ತನ್ನ ಸೂತಕ ಸರಿಯಾಗಿ ಮಾಡಿದ್ದಳು. ಅದು ಮುಗಿದ ದಿನ ಕುಡಿಯುವ ನೀರನ್ನೇ ಉಳಿಸಿ ಮಿಂದು, ತೆಂಗಿನಕಾಯಿ ಹುಡಿಯಲ್ಲಿ ಪಾಯಸ ಮಾಡಿ, ಮಾವನಿಗೆ ಎಡೆ ಇಟ್ಟು, ಅಕ್ಕ ಈಗ ಬರುತ್ತಾಳೆ ಎಂದು ಕಿಟಕಿಗೆ ಬಂದು ನಿಂತಿದ್ದಳು. ಇಲ್ಲಿ ಆಗ ಮಾವ ಹೋದ ಮರುದಿನದ ಬೆಳಿಗ್ಗೆ. ನಾನು ಚಾಪೆಯಿಂದ ಎದ್ದಿರಲೇ ಇಲ್ಲ. ಆ ಸುತ್ತಿಗೆ ಬರಲಿಲ್ಲ, ಮುಂದಿನ ಸುತ್ತಿಗೂ ಇಲ್ಲ. ಎಷ್ಟೋ ದಿನ ನಿಂತಳಂತೆ. ಹನ್ನೊಂದು ದಿನ ಎಂದರೆ ಯಾರ ದಿನ ಎಂದು ಮ್ವಾನೈಶಾ ಕೊನೆಗೆ ಮೈಕಿನಲ್ಲಿ ತಿಳಿಸಿ ಹೇಳಿದ ಮೇಲೆ ಕಿಟಕಿಯ ಪರದೆ ಎಳೆದು ಒಳಗೆ ಹೋದವಳು ಮತ್ತೆ ಈ ಕಡೆ ಬರಲಿಲ್ಲ. ಊಟ ಕಡಿಮೆ. ಮಾತು ಕಡಿಮೆ. ಎರಡು ಸಲ ಚಿಪ್ಪಿನ ದನಿ ಕೆಟ್ಟದ್ದು ಅವಳಿಗೆ ಕೇಳಿಸಿರಲಿಲ್ಲ, ಕುಂಬಾ ಎಬ್ಬಿಸಿ ಹೇಳಬೇಕಾಯಿತು.

"ಅದು ಮೂರನೇ ಸಲ ಆದ್ರೆ ನಾವೂ ಇಲ್ಲ, ಗಿಡವೂ ಇಲ್ಲ," ಎಂದಳು ಕುಂಬಾ. ಅಷ್ಟರಲ್ಲಿ ಹತ್ತು ನಿಮಿಷ ಆಗಿತ್ತು.

ನಾನು ಕಂಟ್ರೋಲ್ ರೂಮಿಗೆ ಹೋದೆ. ಅಬ್ದು ಸಾರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ದನಿ ಕೆಟ್ಟದ್ದು ಅವರ ಯಂತ್ರಗಳಲ್ಲೂ ಗೆರೆಗೆರೆಯಾಗಿ ಬಂದಿತ್ತು.

"ವಿಮಾನ ಇಳಿಸಿ ನಿಲ್ಲಿಸಿಬಿಡುವ," ಎಂದರು. "ಎರಡನೇ ತಲೆಮಾರಿನ ಗಿಡ ಹೋದರೆ ಹೋಗಲಿ. ಜನ ಮುಖ್ಯ."

"ನಿಲ್ಲಿಸಿದರೆ ಜನ ಸಾಯುದಿಲ್ವಾ?" ಎಂದಳು ಮ್ವಾನೈಶಾ. ಅವಳ ದನಿ ಏರಲಿಲ್ಲ. "ಮಳೆ ಬರ್ತದೆ, ನೆಡ್ಲಿಕ್ಕೆ ಕಡ್ಡಿ ಇರುದಿಲ್ಲ." ನನ್ನ ಕಡೆ ತಿರುಗಿದಳು. "ಮಾಮಾ, ನಾನೊಂದು ಕೇಳಿದ್ದೆ. ಯಾರ ದಿನ ಅಂತ."

"ಹೌದು, ನೀನು ಕೇಳಿದ್ದೆ."

"ಈಗ ಎಂತ ಮಾಡ್ತೀರಿ?"

ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಹೋಗಿ ಕಿಟಕಿಯ ಕೆಳಗೆ ನಿಂತೆ.

ವಿಮಾನ ಬಂತು, ಪರದೆ ತೆರೆಯಲಿಲ್ಲ, ಹೋಯಿತು. ನಾನು ಅಲ್ಲೇ ನಿಂತೆ. ಮತ್ತೆ ಬಂತು, ಮತ್ತೆ ಹೋಯಿತು. ಬಿಸಿಲೇರಿತು. ಮ್ವಾನೈಶಾ ಒಂದು ಕೊಡೆ, ಒಂದು ಸ್ಟೂಲು ಕಳಿಸಿದಳು. ಕೊಡೆ ಇಟ್ಟುಕೊಂಡೆ, ಸ್ಟೂಲಿನಲ್ಲಿ ಕೂರಲಿಲ್ಲ. ಮಧ್ಯಾಹ್ನದ ಸುತ್ತಿನಲ್ಲಿ ಪರದೆ ಒಂದು ಬೆರಳಿನಷ್ಟು ಸರಿದ ಹಾಗೆ ಕಂಡಿತು, ನನ್ನ ಕಣ್ಣಿನ ಭ್ರಮೆಯೂ ಇರಬಹುದು. ಪಾಯಸ ಹುಳಿ ಬಂತು. ಕಾಲು ಊದಿ ಚಪ್ಪಲಿ ಬಿಗಿಯಾಯಿತು. ಸಂಜೆಗೆ ಕಡಲ ಗಾಳಿ ಎದ್ದಿತು, ಕೆಲಸದವರು ಪಾಳಿ ಬದಲಾಯಿಸಿದರು, ಹೊಸಬರು ನನ್ನನ್ನು ನೋಡಿ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ನಾನು ನಿಂತೇ ಇದ್ದೆ.

ಕತ್ತಲಾಗುವ ಮೊದಲಿನ ಸುತ್ತಿನಲ್ಲಿ ಪರದೆ ಸರಿಯಿತು.

ನನ್ನ ತಂಗಿ ಅಲ್ಲಿದ್ದಳು. ತಲೆ ಪೂರ್ತಿ ಬೆಳ್ಳಗೆ. ಕೆನ್ನೆ ಒಳಗೆ ಹೋಗಿತ್ತು. ನಮ್ಮ ಅಜ್ಜಿ ಕೊನೆಗಾಲದಲ್ಲಿ ಹೇಗಿದ್ದರೋ ಹಾಗೇ. ಮೈಕು ಹಿಡಿದು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಆಮೇಲೆ ಹೇಳಿದಳು:

"ಒಂದು ವಾರದಿಂದ ಒಂದೇ ಸೀರೆ ಉಟ್ಕೊಂಡು ನಿಂತಿದ್ದೀಯಲ್ಲ, ನಾಚಿಕೆ ಆಗುದಿಲ್ವಾ ನಿನಗೆ?"

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನನ್ನ ಒಂದು ಹಗಲು ಅವಳಿಗೆ ಒಂದು ವಾರ. ಒಂದು ವಾರ ಪೂರ್ತಿ, ಪ್ರತಿ ಸಲ ವಿಮಾನ ಇಳಿದಾಗಲೂ, ಪರದೆಯ ಸಂದಿಯಿಂದ ನೋಡಿದರೆ ಅದೇ ಸೀರೆಯಲ್ಲಿ, ಅದೇ ಕೊಡೆ ಹಿಡಿದು, ಅದೇ ಜಾಗದಲ್ಲಿ ನಾನು ನಿಂತಿದ್ದೆ.

"ಕಾಲು ಹೇಗೆ ಊದಿದೆ ಕಾಣ್," ಎಂದಳು. "ಮನೆಗೆ ಹೋಗು. ಬಿಸಿ ನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊ. ಉಂಡು ಮಲಗು. ಬೆಳಿಗ್ಗೆ ಬಾ. ಅಷ್ಟರ ತನಕ ನಾನೆಲ್ಲಿಗೂ ಓಡಿಹೋಗುದಿಲ್ಲ."

"ನೀನು ಉಣ್ತೀಯಾ?"

"ಉಣ್ತೇನೆ. ಹೇಳಿದಷ್ಟು ಕೇಳು."

ಆ ದನಿಯಲ್ಲಿ ನನ್ನ ತಂಗಿ ಇರಲಿಲ್ಲ. ಮನೆಯ ಹಿರಿಯರೊಬ್ಬರು ಹೇಳಿದ ಹಾಗಿತ್ತು. ಹುಟ್ಟಿದಂದಿನಿಂದ ಅವಳ ಅಪ್ಪಣೆಗೆ ನಾನು ಒಂದು ಸಲವೂ ಹೂಂ ಎಂದದ್ದಿಲ್ಲ. ಅವತ್ತು, "ಹೂಂ," ಎಂದೆ. ಮನೆಗೆ ಹೋಗಿ ಹೇಳಿದಷ್ಟನ್ನೂ ಮಾಡಿದೆ.

ಆಮೇಲೆ ಅವಳ ಕಿವಿಗೆ ಚಿಪ್ಪಿನ ದನಿ ತಪ್ಪಲಿಲ್ಲ. ನಾನೂ ಕಿಟಕಿ ತಪ್ಪಿಸಲಿಲ್ಲ. ನಿದ್ದೆಯನ್ನು ಮೂರು ತುಂಡು ಮಾಡಿಕೊಂಡು, ಅವಳ ಲೆಕ್ಕದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಕಿಟಕಿಗೆ ಮುಟ್ಟುವಂತೆ ನೋಡಿಕೊಂಡೆ. ಮಳೆಗೆ ಒಂದು ವಾರ ಇರುವಾಗ ಐದನೇ ತಲೆಮಾರಿನ ಗೆಡ್ಡೆ ಅಗೆದರು. ಪರೀಕ್ಷೆಗೆಂದು ಬೇರೆಯೇ ಮುಚ್ಚಿದ ಪೆಟ್ಟಿಗೆಯಲ್ಲಿ, ಬೇಕೆಂದೇ ಕೊಳೆ ಹಚ್ಚಿದ ಮಣ್ಣಿನಲ್ಲಿ ಬೆಳೆಸಿದ್ದು. ಕುಂಬಾ ಒಂದು ಗೆಡ್ಡೆಯನ್ನು ಕಿಟಕಿಯ ಹತ್ತಿರ ಹಿಡಿದು ಮುರಿದು ತೋರಿಸಿದಳು. ಕೊಬ್ಬರಿಯ ಹಾಗೆ ಬೆಳ್ಳಗಿತ್ತು. ಮ್ವಾನೈಶಾ ಕಂಟ್ರೋಲ್ ರೂಮಿನಿಂದಲೇ ತಾಯಿಗೆ ಫೋನು ಹಚ್ಚಿದಳಂತೆ.

ಬಾಗಿಲು ತೆರೆದ ದಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ನೆಡುವ ಕಡ್ಡಿಗಳ ಕಟ್ಟು ಇಳಿಸಲಿಕ್ಕೆ. ಎಲ್ಲರೂ ಕಡ್ಡಿ ನೋಡುತ್ತಿದ್ದರು. ಪ್ರಫುಲ್ಲ ಮೆಟ್ಟಿಲ ಮೇಲೆ ನಿಂತು, ಇಷ್ಟು ದೊಡ್ಡ ಆಕಾಶಕ್ಕೆ ಕಣ್ಣು ಹೊಂದಿಸಿಕೊಳ್ಳಲಾಗದೆ ಕೈ ಅಡ್ಡ ಹಿಡಿದಿದ್ದಳು. ನಾನು ಹೋಗಿ ಆ ಕೈ ಹಿಡಿದೆ. ಮನೆಗೆ ಕರೆದುಕೊಂಡು ಬಂದೆ.

ಮೈ ಸುಧಾರಿಸಿತು. ತಿನ್ನುವುದು, ನಡೆಯುವುದು ಎಲ್ಲ ಸರಿ. ಆದರೆ ಬೇರೊಂದು ತೊಂದರೆ ಇದೆ ಎಂದು ಗೊತ್ತಾದದ್ದು ಒಂದು ವಾರ ಕಳೆದ ಮೇಲೆ.

"ಮೀನು ತರ್ತೇನೆ, ಒಂದು ಗಂಟೆಯೊಳಗೆ ಬಂದೆ," ಎಂದು ಹೇಳಿ ನಾನು ಹೊರಟಿದ್ದೆ. ತಿರುಗಿ ಬಂದರೆ ಅವಳು ಅನ್ನ ಮಾಡಿ, ನನ್ನ ಪಾಲು ಮುಚ್ಚಿಟ್ಟು, ಹಾಸಿಗೆ ಹಾಸಿ, ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಎಂತ ಆಯ್ತು?"

"ಎಂತ ಇಲ್ಲ. ಗಂಟೆ ಅಂದ್ರೆ ಗಂಟೆ ಅಂತ ತಲೆಗೆ ಗೊತ್ತುಂಟು. ಒಳಗೆ ಗೊತ್ತಾಗುದಿಲ್ಲ ಅಕ್ಕ. ನೀನು ಒಂದು ಗಂಟೆ ಅಂತ ಹೇಳಿದ ಕೂಡಲೇ ನನಗೆ ನಾಳೆಯ ತನಕ ನೀನಿಲ್ಲ."

ಐದು ವರ್ಷ ಅವಳಿಗೆ ನನ್ನ ಗಂಟೆ ಎಂದರೆ ಒಂದು ದಿನವಾಗಿತ್ತು. ಅಬ್ದು ಸಾರ್ ಅವರನ್ನು ಕೇಳಿದೆ. ಇದಕ್ಕೆ ಯಂತ್ರ ಇಲ್ಲ ಜಲಜಮ್ಮ ಎಂದರು.

ಮುಂದಿನ ಸಲ ಅವಳನ್ನೂ ಕರೆದುಕೊಂಡೇ ಹೊರಟೆ. ಹಳೆ ಪೇಟೆಯ ಓಣಿ ಇಳಿದು, ನಿಂತು ನಿಂತು, ದೋಣಿ ಬಂದು ನಿಲ್ಲುವ ಮೀನಿನ ದಕ್ಕೆಗೆ ಮುಟ್ಟಿದೆವು. ನನಗೆ ಬಹಳ ಕಾಲದ ಪರಿಚಯದ ಮೀನಿನವನು ಬಕಾರಿ ಬುಟ್ಟಿ ಮಗುಚಿ ತೋರಿಸಿದ. "ಎಲ್ಲ ಖಾಲಿ ಮಾಮಾ. ದೋಣಿ ಬರ್ಲಿಕ್ಕೆ ಇನ್ನೂ ಒಂದು ಗಂಟೆ ಉಂಟು. ಮನೆಗೆ ಹೋಗಿ ಬನ್ನಿ, ಒಳ್ಳೆಯ ಅಂಜಲ್ ತೆಗೆದಿಡ್ತೇನೆ."

ಒಂದು ಗಂಟೆ ಎಂದು ಕೇಳಿದ್ದೇ ಪ್ರಫುಲ್ಲ ನನ್ನ ಸೆರಗು ಹಿಡಿದಳು.

"ಇಲ್ಲೇ ಕೂರುವ," ಎಂದೆ.

ಬಕಾರಿ ಎರಡು ಪೆಟ್ಟಿಗೆ ಬೋರಲು ಹಾಕಿ ಕೊಟ್ಟ. ಒಂದರಲ್ಲೇ ಇಬ್ಬರೂ ಕೂತೆವು. ಅವಳು ಸೆರಗು ಬಿಡಲಿಲ್ಲ. ಕಡಲು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಡಲು ನೋಡಿದಳು. ನಾನು ಬಲೆ ಹೊಲಿಯುವವರನ್ನು ತೋರಿಸಿ ಅದು ಇದು ಮಾತಾಡಿದೆ. ಅವಳು ಹೂಂಗುಟ್ಟಿದಳು. ಹೂಂ ನಿಧಾನವಾಯಿತು. ಆಮೇಲೆ ಅವಳ ತಲೆ ನನ್ನ ಭುಜಕ್ಕೆ ಬಂತು.

ದೋಣಿ ಬಂತು. ಜನ ನುಗ್ಗಿದರು. ಬಕಾರಿ ಒಂದು ಹೊಳೆಯುವ ಅಂಜಲ್ ಎತ್ತಿ ಹಿಡಿದು, "ಮಾಮಾ!" ಎಂದು ಕೂಗಿದ.

ನಾನು ಬಾಯಿಗೆ ಬೆರಳಿಟ್ಟೆ. ಬೇರೆ ಯಾರಿಗಾದರೂ ಕೊಡು ಎಂದು ಕೈಸನ್ನೆ ಮಾಡಿ, ಭುಜ ಅಲುಗದ ಹಾಗೆ ಕೂತೆ.